ಸುಲ್ತಾನರು, ಸಿಂಹಗಳು ಮತ್ತು ಒಂದು ಮರೆತ ಹಾಕಿ ಲೀಗ್

ಪೆರೇಸಂದ್ರದ ಕ್ರಾಸಿನಲ್ಲಿ ಬೆಳಿಗ್ಗೆ ಚಹಾ ಕುಡಿಯುತ್ತಾ ಉತ್ತರಕ್ಕೆ ಹೋಗುವ ಬಸ್ಸುಗಳ ಬೋರ್ಡು ಓದುವುದು ನಮಗೆ ಚಿಕ್ಕಂದಿನಿಂದ ಬಂದ ಅಭ್ಯಾಸ. ಬಾಗೇಪಲ್ಲಿ, ಅನಂತಪುರ, ಕರ್ನೂಲು, ಕೊನೆಗೆ ಹೈದರಾಬಾದು. ಉರ್ದು ಮತ್ತು ಕನ್ನಡ ಅಕ್ಷರಗಳನ್ನು ಶಾಲೆಯಲ್ಲಿ ಕಲಿತೆವು. ತೆಲುಗು ಅಕ್ಷರಗಳನ್ನು ಕಲಿಸಿದ್ದು ಮಾತ್ರ ಈ ಬೋರ್ಡುಗಳು. ಆಗ ಈ ರಸ್ತೆ ಏಳನೇ ನಂಬರಿನ ರಾಷ್ಟ್ರೀಯ ಹೆದ್ದಾರಿ, ಈಗ ನಲವತ್ನಾಲ್ಕನೆಯದು. ಆಗ ನಮ್ಮೂರು ಕೋಲಾರ ಜಿಲ್ಲೆಯಲ್ಲಿತ್ತು, ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ರಸ್ತೆಯ ನಂಬರು ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು, ಬಸ್ಸಿನ ಬೋರ್ಡುಗಳು ಮಾತ್ರ ಹಾಗೆಯೇ ಇವೆ.

2005ರ ಜನವರಿಯಲ್ಲಿ ಈ ರಸ್ತೆಯ ಇನ್ನೊಂದು ತುದಿಯಲ್ಲಿ ಒಂದು ಸಂಗತಿ ನಡೆಯಿತು. ಹೈದರಾಬಾದಿನ ಗಚ್ಚಿಬೌಲಿಯ ಹಾಕಿ ಮೈದಾನದಲ್ಲಿ ಪ್ರೀಮಿಯರ್ ಹಾಕಿ ಲೀಗ್ ಎಂಬ ಪಂದ್ಯಾವಳಿಯ ಮೊದಲ ಸೀಸನ್ ಶುರುವಾಯಿತು. ನಗರಗಳ ಹೆಸರು ಹೊತ್ತ ತಂಡಗಳು, ವಿದೇಶಿ ಆಟಗಾರರು, ಟಿವಿಗಾಗಿ ತಿದ್ದಿದ ನಿಯಮಗಳು, ಆಡಿದ್ದಕ್ಕೇ ಹಣ. ಇಂದು ಇವೆಲ್ಲ ಯಾರಿಗೂ ಹೊಸದಲ್ಲ. ಆದರೆ ಕ್ರಿಕೆಟ್ಟಿನ ಐಪಿಎಲ್ ಹುಟ್ಟಿದ್ದು 2008ರಲ್ಲಿ. ಅದಕ್ಕಿಂತ ಮೂರು ವರ್ಷ ಮೊದಲೇ ಹಾಕಿ ಈ ಪ್ರಯೋಗ ಮಾಡಿತ್ತು. ಇದನ್ನು ಹೇಳಿದರೆ ನಮ್ಮ ಇಂದಿನ ಹುಡುಗರು ನಂಬುವುದಿಲ್ಲ. ಸೋತ ಪ್ರಯೋಗವನ್ನು ಜನ ಬೇಗ ಮರೆಯುತ್ತಾರೆ. ಆ ಮರೆವಿನಲ್ಲಿ ನಾವು ಕಲಿಯಬೇಕಿದ್ದ ಕೆಲವು ಪಾಠಗಳೂ ಹೋಗಿಬಿಡುತ್ತವೆ ಎಂಬ ಕಾರಣಕ್ಕೆ ಈ ಬರಹ.

ಆ ಹೊತ್ತಿಗೆ ನಮ್ಮ ಹಾಕಿಯ ಸ್ಥಿತಿ ಹೇಗಿತ್ತು? ಒಲಿಂಪಿಕ್ಸಿನಲ್ಲಿ ಎಂಟು ಚಿನ್ನ ಗೆದ್ದ ದೇಶ ನಮ್ಮದು. ಮೊದಲನೆಯದು 1928ರಲ್ಲಿ, ಕೊನೆಯದು 1980ರಲ್ಲಿ. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದಾಗ ಸೆಮಿಫೈನಲಿನಲ್ಲಿ ಮಲೇಷ್ಯಾದ ಎದುರು ಕೊನೆಯ ಗಳಿಗೆಯಲ್ಲಿ ಸಮಬಲದ ಗೋಲು ಹೊಡೆದವರು ಅಸ್ಲಂ ಶೇರ್ ಖಾನ್. ಫೈನಲಿನಲ್ಲಿ ಪಾಕಿಸ್ತಾನದ ಎದುರು ಗೆಲುವಿನ ಗೋಲು ಅಶೋಕ್ ಕುಮಾರ್ ಅವರದು. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಅವರೂ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಹಾಕಿಯನ್ನು ಮೊದಲ ಬಾರಿಗೆ ಕೃತಕ ಹುಲ್ಲಿನ ಮೇಲೆ ಆಡಿಸಿದರು. ಭಾರತ ಏಳನೆಯ ಸ್ಥಾನಕ್ಕೆ ಇಳಿಯಿತು. ಮಣ್ಣು ಮತ್ತು ಹುಲ್ಲಿನ ಮೇಲೆ ಚೆಂಡನ್ನು ಪಳಗಿಸುವ ಕಲೆ ನಮ್ಮದು. ಕೃತಕ ಹುಲ್ಲು ಕೇಳಿದ್ದು ವೇಗ, ಬಲ, ಜೊತೆಗೆ ಹಣ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲೂ ಸಿಕ್ಕಿದ್ದು ಏಳನೆಯ ಸ್ಥಾನವೇ. ಧನರಾಜ್ ಪಿಳ್ಳೈ ಅವರ ನಾಲ್ಕನೆಯ ಒಲಿಂಪಿಕ್ಸ್ ಪದಕವಿಲ್ಲದೆ ಮುಗಿಯಿತು.

ಇದಾದ ಐದು ತಿಂಗಳಿಗೆ ಲೀಗ್ ಬಂತು. ಕೆ.ಪಿ.ಎಸ್. ಗಿಲ್ ಅಧ್ಯಕ್ಷರಾಗಿದ್ದ ಭಾರತೀಯ ಹಾಕಿ ಫೆಡರೇಷನ್, ಇಎಸ್‌ಪಿಎನ್ ಸ್ಟಾರ್ ಸ್ಪೋರ್ಟ್ಸ್ ಎಂಬ ಟಿವಿ ಸಂಸ್ಥೆ ಮತ್ತು ಲೀಷರ್ ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಎಂಬ ಕಂಪನಿ ಸೇರಿ ಇದನ್ನು ಕಟ್ಟಿದವು. ಮೇಲಿನ ಶ್ರೇಣಿಯಲ್ಲಿ ಐದು ತಂಡಗಳು: ಹೈದರಾಬಾದ್ ಸುಲ್ತಾನ್ಸ್, ಬೆಂಗಳೂರು ಲಯನ್ಸ್, ಚೆನ್ನೈ ವೀರನ್ಸ್, ಮರಾಠಾ ವಾರಿಯರ್ಸ್, ಶೇರ್-ಎ-ಜಲಂಧರ್. ಕೆಳಗಿನ ಶ್ರೇಣಿಯಲ್ಲಿ ಚಂಡೀಗಢ ಡೈನಮೋಸ್, ಲಖನೌ ನವಾಬ್ಸ್, ಇಂಫಾಲ್ ರೇಂಜರ್ಸ್ ಮುಂತಾದವು. ಕೆಳಗಿನವರಲ್ಲಿ ಗೆದ್ದವರು ಮೇಲೇರಬೇಕು, ಮೇಲಿನವರಲ್ಲಿ ಕೊನೆಗೆ ನಿಂತವರು ಕೆಳಗಿಳಿಯಬೇಕು. ಎರಡೂ ಶ್ರೇಣಿಯ ಎಲ್ಲ ಪಂದ್ಯಗಳೂ ಹೈದರಾಬಾದಿನಲ್ಲೇ. ಗಚ್ಚಿಬೌಲಿಯ ಮೈದಾನಗಳು ಸಿದ್ಧವಾಗಿದ್ದವು. 2003ರ ಆಫ್ರೋ-ಏಷ್ಯನ್ ಕ್ರೀಡಾಕೂಟ ಅದೇ ನಗರದಲ್ಲಿ ನಡೆದಿತ್ತು, ಭಾರತ ಫೈನಲಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಹಾಕಿ ಚಿನ್ನ ಗೆದ್ದಿತ್ತು.

ತಂಡಗಳ ಹೆಸರು ಕೇಳಿ ನಾವು ನಕ್ಕಿದ್ದುಂಟು. ಸುಲ್ತಾನರು, ನವಾಬರು, ಸಿಂಹಗಳು, ವೀರರು. ಆಡುವ ಹುಡುಗರಾದರೋ ರೈಲ್ವೆಯ ಕ್ಲರ್ಕುಗಳು, ಪೊಲೀಸರು, ಸೇನೆಯ ಸಿಪಾಯಿಗಳು, ಏರ್‌ಲೈನ್ಸ್ ಮತ್ತು ತೈಲ ಕಂಪನಿಗಳ ನೌಕರರು. ನಮ್ಮ ದೇಶದ ಹಾಕಿ ಬದುಕಿದ್ದೇ ಹೀಗೆ. ಸಂಬಳ ಇಲಾಖೆಯದು, ಆಟ ಇಲಾಖೆಯ ಹೆಸರಿನಲ್ಲಿ. ಅದನ್ನು ಹೀಗಳೆಯಬೇಕಾಗಿಲ್ಲ. ಎಷ್ಟೋ ಬಡ ಮನೆಗಳ ಒಲೆ ಉರಿದದ್ದು ಆ ಸ್ಪೋರ್ಟ್ಸ್ ಕೋಟಾದ ನೌಕರಿಯಿಂದ. ಆದರೆ ಒಬ್ಬ ಹುಡುಗ ‘ನಾನು ಹಾಕಿ ಆಡಿ ಬದುಕುತ್ತೇನೆ’ ಎಂದರೆ ಅದಕ್ಕೆ ಅರ್ಥ ಆಡಿ ನೌಕರಿ ಗಿಟ್ಟಿಸುತ್ತೇನೆ ಎಂದೇ ಆಗಿತ್ತು. ನೌಕರಿ ಸಿಗದಿದ್ದರೆ ಆಟವೂ ಮುಗಿಯಿತು. ಆಟಕ್ಕೇ ಕೂಲಿ ಕೊಡುತ್ತೇವೆ ಎಂದು ಮೊದಲು ಹೇಳಿದ ದೊಡ್ಡ ಪ್ರಯತ್ನ ಈ ಲೀಗು. ಅದರ ಮಹತ್ವ ಇರುವುದು ಇಲ್ಲಿ.

ನಾವು ಆ ಪಂದ್ಯಗಳನ್ನು ನೋಡಿದ್ದು ಕ್ರಾಸಿನ ಹತ್ತಿರದ ಒಂದು ಟಿವಿ ರಿಪೇರಿ ಅಂಗಡಿಯಲ್ಲಿ. ರಿಪೇರಿಗೆ ಬಂದ ನಾಲ್ಕಾರು ಪೆಟ್ಟಿಗೆಗಳಲ್ಲಿ ಒಂದು ಯಾವಾಗಲೂ ‘ಪರೀಕ್ಷೆ’ಯಲ್ಲಿ ಇರುತ್ತಿತ್ತು. ಆ ವರ್ಷ ಸಂಕ್ರಾಂತಿಯೂ ಬಕ್ರೀದೂ ಒಂದು ವಾರದ ಅಂತರದಲ್ಲಿ ಜನವರಿಯಲ್ಲೇ ಬಂದಿದ್ದವು. ಎಳ್ಳುಬೆಲ್ಲದ ಪೊಟ್ಟಣ ಮಡಚಿ ಜೇಬಿಗೆ ಹಾಕುವಷ್ಟರಲ್ಲಿ ಕುರ್ಬಾನಿಯ ಕುರಿಗಳ ವ್ಯಾಪಾರ ಶುರುವಾಗಿತ್ತು. ಅಂಗಡಿಗೆ ಬರುತ್ತಿದ್ದವರಲ್ಲಿ ಕುರಿ ವ್ಯಾಪಾರಿಗಳು, ಲಾರಿ ಕ್ಲೀನರುಗಳು, ಟೊಮೆಟೊ ಬೆಳೆಯುವ ರೈತರು, ಮತ್ತು ಶಿಡ್ಲಘಟ್ಟದ ನಮ್ಮ ಗೆಳೆಯ ಒಬ್ಬ. ಅವನ ಅಪ್ಪ ರೇಷ್ಮೆ ರೀಲರು. ಗೂಡು ಬೇಯಿಸುವ ಬಿಸಿನೀರಿನ ಮುಂದೆ ದಿನವಿಡೀ ನಿಂತು ಮಗನನ್ನು ಬೆಂಗಳೂರಿನ ಕಾಲೇಜಿಗೆ ಕಳಿಸಿದ್ದರು. ಮಗ ಅಲ್ಲಿ ಹಾಕಿ ಕಲಿತ. ಎಡಗಡೆಯ ಅಂಚಿನಲ್ಲಿ ಅವನು ಓಡಿದರೆ ಹಿಂದಿನಿಂದ ಕೂಗುವುದಕ್ಕೂ ನಮಗೆ ಉಸಿರು ಸಾಲುತ್ತಿರಲಿಲ್ಲ.

ಬೆಂಗಳೂರು ಲಯನ್ಸ್ ಮತ್ತು ಹೈದರಾಬಾದ್ ಸುಲ್ತಾನ್ಸ್ ಎದುರಾದ ಸಂಜೆ ಅಂಗಡಿಯಲ್ಲಿ ಎರಡು ಪಕ್ಷ. ಯಾರು ಯಾವ ಕಡೆ ಎಂಬುದನ್ನು ಹೊರಗಿನವರು ಊಹಿಸಿದ್ದರೆ ತಪ್ಪುತ್ತಿದ್ದರು. ನಮ್ಮ ಉರ್ದು ಮಾತಿನ ಹುಡುಗರೆಲ್ಲ ಬೆಂಗಳೂರಿನ ಕಡೆ. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಚೆಂಡು ಹಿಡಿದರೆ ‘ಚಲ್ ಹಾಲಪ್ಪಾ’ ಎಂದು ಕೂಗು. ಸುಲ್ತಾನರ ಕಡೆ ನಿಂತವರು ಬಾಗೇಪಲ್ಲಿ ಹಾದಿಯ ಒಬ್ಬ ಹಿರಿಯ ರೈತರು. ಮನೆಮಾತು ತೆಲುಗು, ಮಗಳನ್ನು ಕೊಟ್ಟದ್ದು ಹೈದರಾಬಾದಿಗೆ.

“ಏನ್ ರೆಡ್ಡಿಯವ್ರೇ, ನಮ್ ಬೆಂಗಳೂರ್ ಟೀಮ್ ಇರೋವಾಗ ನೀವು ಅತ್ತ ಕಡೆ ಹೋಗಿಬಿಟ್ರಾ?” ಎಂದು ಕುರಿ ವ್ಯಾಪಾರದ ಚಾಚಾ ಕೆಣಕಿದರು.

“ಅಳಿಯ ಇರೋ ಊರು ಸಾಬ್ರೇ, ಅದನ್ನ ಬಿಟ್ಟುಕೊಡಕ್ಕಾಗ್ತದಾ? ಅಲ್ಲದೆ ಸುಲ್ತಾನ್ರು ಅಂತ ಹೆಸ್ರು ಬೇರೆ ಇಟ್ಟವ್ರೆ. ನೀವೇ ನಮ್ ಕಡೆ ಬರಬೇಕಿತ್ತು” ಎಂದರು ಅವರು. ಅಂಗಡಿ ತುಂಬ ನಗು.

ಅದೊಂದು ಸಣ್ಣ ಮಾತು. ಆದರೆ ಯಾರು ಯಾವ ತಂಡದ ಕಡೆ ಇರಬೇಕೆಂಬುದನ್ನು ಹೆಸರು ನೋಡಿ ಮೊದಲೇ ತೀರ್ಮಾನಿಸುವ ಕಾಲದಲ್ಲಿ ನಿಂತು ಹಿಂತಿರುಗಿ ನೋಡಿದರೆ ಅದು ನಮಗೆ ದೊಡ್ಡದಾಗಿ ಕಾಣುತ್ತದೆ. ನಗರಗಳ ಲೀಗು ಮಾಡುವ ಉಪಕಾರ ಇದೇ. ಅದು ನಿಷ್ಠೆಯನ್ನು ಊರಿಗೆ ಕಟ್ಟುತ್ತದೆ. ಬೆಂಗಳೂರು ಗೆಲ್ಲಲಿ ಎನ್ನಲು ಬೆಂಗಳೂರಿನ ಹತ್ತಿರ ಹುಟ್ಟಿದ್ದರೆ ಸಾಕು, ಬೇರೆ ಯಾವ ಪ್ರಮಾಣಪತ್ರವೂ ಬೇಡ.

ಸುಲ್ತಾನರ ತಂಡವನ್ನೇ ನೋಡಿ. ಅವರ ರಕ್ಷಣೆಯಲ್ಲಿ ಇದ್ದವರು ದಿಲೀಪ್ ಟಿರ್ಕಿ, ಒಡಿಶಾದ ಸುಂದರಗಢ ಜಿಲ್ಲೆಯ ಆದಿವಾಸಿ, ಅಥೆನ್ಸಿನಲ್ಲಿ ಭಾರತದ ನಾಯಕ. ಅವರ ಜೊತೆಗೆ ಕರಾಚಿಯ ಸೊಹೈಲ್ ಅಬ್ಬಾಸ್. ಕೆಲವೇ ತಿಂಗಳ ಹಿಂದೆ, 2004ರ ಅಕ್ಟೋಬರಿನಲ್ಲಿ, ಅಮೃತಸರದಲ್ಲಿ ಭಾರತದ ವಿರುದ್ಧವೇ ಗೋಲು ಹೊಡೆದು ಅಬ್ಬಾಸ್ ನೆದರ್ಲೆಂಡ್ಸಿನ ಪಾಲ್ ಲಿಟ್ಯೆನ್ಸ್ ಅವರ 267 ಅಂತರರಾಷ್ಟ್ರೀಯ ಗೋಲುಗಳ ದಾಖಲೆ ಮುರಿದಿದ್ದರು. ಅದೇ ಮನುಷ್ಯ ಜನವರಿಯಲ್ಲಿ ಭಾರತದ ನಗರವೊಂದರ ಅಂಗಿ ತೊಟ್ಟು ಇಳಿದರು. ಪೆನಾಲ್ಟಿ ಕಾರ್ನರ್ ಸಿಕ್ಕಿದೊಡನೆ ಅವರು ಹಿಂದಕ್ಕೆ ನಡೆದು ನಿಲ್ಲುವುದು, ಚೆಂಡನ್ನು ಕೋಲಿನ ಕೊಕ್ಕೆಗೆ ಹಿಡಿದು ಎಳೆದು ಬೀಸಿ ಎಸೆಯುವುದು. ಅದಕ್ಕೆ ಡ್ರ್ಯಾಗ್ ಫ್ಲಿಕ್ ಎನ್ನುತ್ತಾರೆ. ಹೊಡೆತದ ಸದ್ದೇ ಇರುವುದಿಲ್ಲ, ಹಲಗೆಗೆ ಚೆಂಡು ಬಿದ್ದ ಸದ್ದು ಮಾತ್ರ. ಅಂಗಡಿಯಲ್ಲಿ ಬೆಂಗಳೂರಿನ ಪಕ್ಷದವರೂ ‘ವಾಹ್’ ಎನ್ನದೆ ಇರಲಾಗುತ್ತಿರಲಿಲ್ಲ. ನಮ್ಮ ಗೆಳೆಯ ಮಾತ್ರ ಮಾತಾಡದೆ ಅವರ ಎಡಗಾಲು ಎಲ್ಲಿ ಬೀಳುತ್ತದೆ ಎಂದು ನೋಡುತ್ತಿದ್ದ.

ಆ ದಿನಗಳ ಗಾಳಿಯೂ ಬೇರೆಯಾಗಿತ್ತು. 2003ರ ನವೆಂಬರಿನಿಂದ ಗಡಿಯಲ್ಲಿ ಕದನ ವಿರಾಮವಿತ್ತು. 2004ರಲ್ಲಿ ನಮ್ಮ ಕ್ರಿಕೆಟ್ ತಂಡ ಪಾಕಿಸ್ತಾನಕ್ಕೆ ಹೋಗಿ ಬಂದಿತ್ತು. 2005ರ ಮಾರ್ಚಿನಲ್ಲಿ ಅವರ ತಂಡ ಬೆಂಗಳೂರಿನಲ್ಲಿ ಟೆಸ್ಟ್ ಆಡಿತು, ಏಪ್ರಿಲಿನಲ್ಲಿ ಶ್ರೀನಗರದಿಂದ ಮುಜಫ್ಫರಾಬಾದಿಗೆ ಬಸ್ಸು ಹೊರಟಿತು. ಕರಾಚಿಯವನೊಬ್ಬ ಹೈದರಾಬಾದಿಗಾಗಿ ಗೋಲು ಹೊಡೆಯುವುದು ಆಗ ವಿಚಿತ್ರವೆನಿಸಲಿಲ್ಲ. ಎಂಟು ವರ್ಷದ ನಂತರ, 2013ರ ಜನವರಿಯಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾದಾಗ ಪಾಕಿಸ್ತಾನದ ಒಂಬತ್ತು ಆಟಗಾರರು ಬಂದರು. ಗಡಿಯಲ್ಲಿ ಸೈನಿಕರ ಹತ್ಯೆಯಾಗಿತ್ತು, ದೇಶದಲ್ಲಿ ಸಿಟ್ಟಿತ್ತು, ಪ್ರತಿಭಟನೆಗಳಾದವು, ಅವರನ್ನು ವಾಪಸು ಕಳಿಸಲಾಯಿತು. ಸೈನಿಕರ ಸಾವಿನ ದುಃಖ ನಮ್ಮದೂ ಹೌದು. ಆದರೂ ಹೈದರಾಬಾದಿನ ಆ ಒಂದು ತಿಂಗಳು ನೆನಪಾದಾಗ, ಆಟದ ಬಾಗಿಲು ಮುಚ್ಚುವುದರಿಂದ ಯಾವ ಗಡಿ ತಣ್ಣಗಾಯಿತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ಇರಲಾಗುವುದಿಲ್ಲ.

ಇನ್ನು ಆಟದ ನಿಯಮಗಳ ಮಾತು. ಆಗ ಹಾಕಿ ಎಂದರೆ ಮೂವತ್ತೈದು ಮೂವತ್ತೈದು ನಿಮಿಷಗಳ ಎರಡು ಅರ್ಧ. ಲೀಗಿನವರು ಆ ಎಪ್ಪತ್ತು ನಿಮಿಷವನ್ನು ಹದಿನೇಳೂವರೆ ನಿಮಿಷದ ನಾಲ್ಕು ಪಾಲು ಮಾಡಿದರು. ನಡುವಿನ ಬಿಡುವಿನಲ್ಲಿ ಜಾಹೀರಾತು. ಹಳಬರು ಸಿಟ್ಟಾದರು. ಆಟದ ಲಯವನ್ನು ಸೋಪು-ಶಾಂಪೂ ಮಾರುವವರಿಗೆ ಒಪ್ಪಿಸಿದಿರಿ ಎಂದರು. ನಾವೂ ಹಾಗೇ ಅಂದುಕೊಂಡಿದ್ದೆವು. ಆದರೆ 2014ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ತನ್ನ ದೊಡ್ಡ ಪಂದ್ಯಾವಳಿಗಳಲ್ಲಿ ಹದಿನೈದು ನಿಮಿಷದ ನಾಲ್ಕು ಪಾಲುಗಳನ್ನು ತಂದಿತು. ಈಗ ಒಲಿಂಪಿಕ್ಸೂ ಹಾಗೆಯೇ ನಡೆಯುತ್ತದೆ. ಹೈದರಾಬಾದಿನಲ್ಲಿ ಯಾವುದನ್ನು ಟಿವಿಯವರ ತಂತ್ರ ಎಂದು ಜರೆದೆವೋ ಅದೇ ದಾರಿಯನ್ನು ಒಂಬತ್ತು ವರ್ಷದ ನಂತರ ಜಗತ್ತು ಹಿಡಿಯಿತು. ಮೊದಲು ನಡೆದವರ ಹೆಸರು ಯಾರಿಗೂ ನೆನಪಿಲ್ಲ, ಅಷ್ಟೆ.

ಮೊದಲ ಸೀಸನ್ನಿನ ಪಟ್ಟ ಹೈದರಾಬಾದ್ ಸುಲ್ತಾನರ ಪಾಲಾಯಿತು. ರೆಡ್ಡಿಯವರು ಅಂಗಡಿಯಲ್ಲಿದ್ದ ಎಲ್ಲರಿಗೂ ಚಹಾ ಕೊಡಿಸಿದರು. ಆ ಸಂಜೆ ನಮ್ಮ ಗೆಳೆಯ ಕೇಳಿದ ಪ್ರಶ್ನೆ ಇನ್ನೂ ನೆನಪಿದೆ: “ಮೇಲಿನ ಟೀಮ್ ಬೇಡ ಬಿಡು, ಕೆಳಗಿನ ಶ್ರೇಣಿಲಿ ಯಾವುದಾದ್ರೂ ಟೀಮ್ ನಮ್ಮಂಥೋರ್ನ ತಗೊಳಲ್ವಾ?” ಅವನ ಲೆಕ್ಕ ಸರಿಯಾಗಿಯೇ ಇತ್ತು. ಹಾಲಪ್ಪನಂಥವರಿಗೆ ಹೇಗಾದರೂ ದಾರಿ ಸಿಗುತ್ತದೆ. ಕೆಳಗಿನ ಶ್ರೇಣಿಯ ಲೀಗು ಇರುವುದು ಅವರ ನಂತರದ ಸಾಲಿನ ನೂರಾರು ಹುಡುಗರಿಗಾಗಿ. ಆ ಸಾಲು ಬದುಕಿದರೆ ಆಟ ಬದುಕುತ್ತದೆ.

ಆದರೆ ಲೀಗು ಬದುಕಲಿಲ್ಲ. 2006ರಲ್ಲಿ ಬೆಂಗಳೂರಿನ ತಂಡ ಪಟ್ಟ ಗೆದ್ದಿತು, 2007ರಲ್ಲಿ ಒರಿಸ್ಸಾ ಸ್ಟೀಲರ್ಸ್. 2008ರ ಸೀಸನ್ನೇ ಕೊನೆಯದು. ಆ ವರ್ಷ ಮಾರ್ಚಿನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಬ್ರಿಟನ್ನಿನ ಎದುರು ಸೋತು ಭಾರತ ತನ್ನ ಹಾಕಿ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಲಿಂಪಿಕ್ಸಿಗೆ ಅರ್ಹತೆ ಕಳೆದುಕೊಂಡಿತು. ಏಪ್ರಿಲಿನಲ್ಲಿ ಆಯ್ಕೆಗೆ ಲಂಚ ಪಡೆದ ಆರೋಪ ಫೆಡರೇಷನ್ನಿನ ಮೇಲಿನ ಸ್ಥಾನದಲ್ಲಿದ್ದವರ ಮೇಲೆಯೇ ಬಂತು. ಭಾರತೀಯ ಒಲಿಂಪಿಕ್ ಸಂಸ್ಥೆ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು. ಅದೇ ಏಪ್ರಿಲಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಐಪಿಎಲ್ಲಿನ ಮೊದಲ ಪಂದ್ಯ ನಡೆಯಿತು. ಹಾಕಿಯ ಲೀಗಿಗೆ ಯಾರೂ ಬಾಗಿಲು ಹಾಕಿ ಬೀಗ ಜಡಿಯಲಿಲ್ಲ. ಮತ್ತೆ ತೆರೆಯುವವರೇ ಇರಲಿಲ್ಲ.

ಇದಕ್ಕೆಲ್ಲ ಫೆಡರೇಷನ್ನೊಂದನ್ನೇ ದೂರುವುದು ಸುಲಭ. ನಮಗೆ ಮಾತ್ರ ದೋಷ ಮೊದಲ ಸೀಸನ್ನಿನಲ್ಲೇ ಇತ್ತೆಂದು ತೋರುತ್ತದೆ. ಬೆಂಗಳೂರು ಲಯನ್ಸ್ ಆ ಸೀಸನ್ನಿನಲ್ಲಿ ಬೆಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಚೆನ್ನೈ ವೀರರು ಚೆನ್ನೈಯಲ್ಲಿ ಆಡಲಿಲ್ಲ, ಇಂಫಾಲಿನವರು ಇಂಫಾಲಿನಲ್ಲಿ ಆಡಲಿಲ್ಲ. ಖರ್ಚು ಉಳಿಯಿತು, ಕ್ಯಾಮರಾಗಳನ್ನು ಊರೂರಿಗೆ ಸಾಗಿಸುವ ತಲೆನೋವು ತಪ್ಪಿತು. ಆದರೆ ಊರಿನ ಹೆಸರಿದ್ದ ತಂಡಕ್ಕೆ ಊರೇ ಇಲ್ಲವಾಯಿತು. ಟಿಕೆಟು ಕೊಳ್ಳುವ ಅಪ್ಪ, ಗೇಟಿನಲ್ಲಿ ಕಡಲೆಕಾಯಿ ಮಾರುವವನು, ಬೇಲಿ ಹಾರಿ ಒಳನುಗ್ಗುವ ಹುಡುಗ, ಇವರು ಯಾರೂ ಸುಲ್ತಾನರನ್ನು ಬಿಟ್ಟರೆ ಉಳಿದ ತಂಡಗಳಿಗೆ ಇರಲಿಲ್ಲ. ಟಿವಿಯವರು ಕೈಬಿಟ್ಟ ದಿನ ಹಿಡಿದುಕೊಳ್ಳಲು ಇನ್ನೊಂದು ಕೈ ಇರಲಿಲ್ಲ.

ಹೋಲಿಕೆಗೆ ಬೇರೆ ಹಾಕಿಯ ಒಂದು ಲೀಗನ್ನು ನೋಡೋಣ. ಅಮೆರಿಕದಲ್ಲಿ ಹಾಕಿ ಎಂದರೆ ಮಂಜುಗಡ್ಡೆಯ ಮೇಲೆ ಚಕ್ಕೆಯಂಥ ಪಕ್ ಅಟ್ಟಿಸಿ ಆಡುವ ಐಸ್ ಹಾಕಿ. ಅಲ್ಲಿ ದೊಡ್ಡ ಲೀಗಿನ ಕೆಳಗೆ ಸಣ್ಣ ಊರುಗಳ ಸಣ್ಣ ಲೀಗುಗಳಿವೆ. ಈಸ್ಟ್ ಕೋಸ್ಟ್ ಹಾಕಿ ಲೀಗ್ 1988ರಲ್ಲಿ ಶುರುವಾದಾಗ ಅದರಲ್ಲೂ ಐದೇ ತಂಡಗಳಿದ್ದವು. ಮೊದಲ ಪಟ್ಟ ಗೆದ್ದದ್ದು ಕ್ಯಾರೊಲಿನಾ ಥಂಡರ್‌ಬರ್ಡ್ಸ್. ಫೈನಲಿನಲ್ಲಿ ಸೋತದ್ದು ಜಾನ್‌ಸ್ಟೌನ್ ಚೀಫ್ಸ್. ಜಾನ್‌ಸ್ಟೌನ್ ಪೆನ್ಸಿಲ್ವೇನಿಯಾದ ಉಕ್ಕಿನ ಊರು. ಕಾರ್ಖಾನೆಗಳು ಸೊರಗಿ ಕೆಲಸಗಳು ಹೋದ ಕಾಲವದು. ಆ ಊರಿನವರು ತಮ್ಮ ಸಣ್ಣ ಮೈದಾನಕ್ಕೆ ಟಿಕೆಟು ಕೊಂಡು ಬಂದು ಆ ತಂಡವನ್ನು 2010ರವರೆಗೆ ಉಳಿಸಿಕೊಂಡರು. ಲೀಗು ಇಂದಿಗೂ ಇದೆ, ಹತ್ತಾರು ಊರುಗಳಿಗೆ ಹಬ್ಬಿದೆ, ಅಲ್ಲಿಂದ ಮೇಲೇರಿದ ಹುಡುಗರು ದೊಡ್ಡ ಲೀಗಿನಲ್ಲಿ ಆಡುತ್ತಾರೆ. ಎರಡು ಲೀಗುಗಳೂ ಐದು ತಂಡಗಳಿಂದಲೇ ಆರಂಭವಾದವು. ಒಂದರ ತಂಡಗಳಿಗೆ ಊರಿತ್ತು, ಇನ್ನೊಂದರ ತಂಡಗಳಿಗೆ ಊರಿನ ಹೆಸರು ಮಾತ್ರ ಇತ್ತು.

ಅಮೆರಿಕದಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಲಡಾಖಿನ ಲೇಹದಲ್ಲಿ ಚಳಿಗಾಲಕ್ಕೆ ಕರ್ಜೂ ಎಂಬ ಕೊಳ ಹೆಪ್ಪುಗಟ್ಟಿದರೆ ಹುಡುಗ ಹುಡುಗಿಯರು ಅದರ ಮೇಲೆ ಐಸ್ ಹಾಕಿ ಆಡುತ್ತಾರೆ. ವರ್ಷಕ್ಕೆ ಎರಡು ಮೂರು ತಿಂಗಳ ಮಂಜನ್ನು ನಂಬಿ ಬೆಳೆದ ಆಟವದು. ಅಲ್ಲಿಯೂ 2024ರಲ್ಲಿ ಒಂದು ಲೀಗು ಶುರುವಾಗಿದೆ. ನಮ್ಮ ರಾಜ್ಯದಲ್ಲೇ ನೋಡುವುದಾದರೆ ಕೊಡಗಿದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಮನೆತನಗಳ ಹಾಕಿ ಹಬ್ಬ ಆರಂಭಿಸಿದಾಗ ಬಂದದ್ದು 60 ಮನೆತನಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳು ಆಡಿದವು. ಪ್ರತಿ ವರ್ಷ ಒಂದು ಮನೆತನ ಹಬ್ಬದ ಹೊಣೆ ಹೊರುತ್ತದೆ. ಅಜ್ಜನೂ ಮೊಮ್ಮಗನೂ ಒಂದೇ ತಂಡದಲ್ಲಿ ಇಳಿಯುತ್ತಾರೆ. ಅಲ್ಲಿ ವೃತ್ತಿಪರತೆಯಿಲ್ಲ, ಆಟಗಾರರ ಖರೀದಿಯಿಲ್ಲ. ಇರುವುದು ನೆಲದ ಹಿಡಿತ. ಅದಕ್ಕೇ ಅದು ಉಳಿದಿದೆ, ಬೆಳೆದಿದೆ.

ಪ್ರೀಮಿಯರ್ ಹಾಕಿ ಲೀಗ್ ಹೋದ ಮೇಲೆ ಬೇರೆ ಪ್ರಯತ್ನಗಳು ಬಂದವು. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ನಡೆಯಿತು. ಅದರಲ್ಲಿ ಅರ್ಜುನ್ ಹಾಲಪ್ಪ ಅವರ ನಾಯಕತ್ವದಲ್ಲಿ ಕರ್ನಾಟಕ ಲಯನ್ಸ್ ತಂಡವಿತ್ತು, ಬೆಂಗಳೂರಿನಲ್ಲೇ ಪಂದ್ಯಗಳೂ ಆದವು. ಕೊನೆಗೂ ಸಿಂಹಗಳು ಗುಹೆಗೆ ಬಂದವು ಎಂದುಕೊಂಡೆವು. ಅದು ಒಂದೇ ಸೀಸನ್ನಿಗೆ ಮುಗಿಯಿತು. 2013ರಲ್ಲಿ ಶುರುವಾದ ಹಾಕಿ ಇಂಡಿಯಾ ಲೀಗ್ 2017ರವರೆಗೆ ನಡೆದು ನಿಂತಿತು. 2024ರ ಡಿಸೆಂಬರಿನಲ್ಲಿ ಮತ್ತೆ ಆರಂಭವಾಯಿತು, 2025ರ ಜನವರಿಯಲ್ಲಿ ಮಹಿಳೆಯರ ಲೀಗೂ ಮೊದಲ ಬಾರಿಗೆ ನಡೆಯಿತು. ಇವನ್ನೆಲ್ಲ ಮರುಕಟ್ಟಿದ ಕಾಲದಲ್ಲಿ ಹಾಕಿ ಇಂಡಿಯಾದ ಅಧ್ಯಕ್ಷರಾಗಿದ್ದವರು ಹಳೆಯ ಸುಲ್ತಾನರ ದಿಲೀಪ್ ಟಿರ್ಕಿ. ಪುರುಷರ ತಂಡಗಳಲ್ಲಿ ಹೈದರಾಬಾದಿನ ಹೆಸರಿತ್ತು, ತಮಿಳುನಾಡಿನ ಹೆಸರಿತ್ತು, ವಿಶಾಖಪಟ್ಟಣಕ್ಕೂ ಒಂದು ತಂಡವಿತ್ತು. ಕರ್ನಾಟಕದ ತಂಡವಿರಲಿಲ್ಲ.

ಇದನ್ನು ಹೇಳುವಾಗ ಇನ್ನೊಂದು ಲೆಕ್ಕವನ್ನೂ ಮುಂದಿಡಬೇಕು. 2016ರ ರಿಯೊ ಒಲಿಂಪಿಕ್ಸಿಗೆ ಹೋದ ಪುರುಷರ ತಂಡದಲ್ಲಿ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ, ಹೀಗೆ ಕೊಡಗಿನ ನಾಲ್ವರಿದ್ದರು. ಟೋಕಿಯೊದಲ್ಲಿ 2021ರಲ್ಲಿ ಭಾರತ ನಲವತ್ತೊಂದು ವರ್ಷದ ನಂತರ ಪದಕ ಗೆದ್ದಾಗ, 2024ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ಕಂಚು ಗೆದ್ದಾಗ, ತಂಡದಲ್ಲಿ ಕರ್ನಾಟಕದ ಒಬ್ಬ ಹುಡುಗನೂ ಇರಲಿಲ್ಲ. ರಾಷ್ಟ್ರೀಯ ತಂಡ ಅಭ್ಯಾಸ ಮಾಡುವುದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಆವರಣದಲ್ಲಿ. ಊರು ನಮ್ಮದು, ಊಟ ನಮ್ಮದು, ಆಟ ಮಾತ್ರ ಬೇರೆಯವರದು ಎಂಬಂತಾಯಿತು. ಇದಕ್ಕೆ ಒಂದೇ ಕಾರಣ ಇರಲಾರದು. ಆದರೆ ಎರಡನೆಯ ಸಾಲಿನ ಹುಡುಗರು ಆಡಲು ಜಾಗವೇ ಇಲ್ಲದ ಕಡೆ ಮೊದಲ ಸಾಲು ಎಲ್ಲಿಂದ ಬಂದೀತು?

ಹಾಕಿಯ ಹಳೆಯ ಕೋಲುಗಳನ್ನು ಜಲಂಧರ ಮತ್ತು ಸಿಯಾಲ್‌ಕೋಟಿನಲ್ಲಿ ಮಾಡುತ್ತಿದ್ದದ್ದು ಹಿಪ್ಪುನೇರಳೆಯ ಮರದಿಂದ. ಬಾಗಿಸಿದರೂ ಮುರಿಯದ ಮರವೆಂಬುದು ಅದರ ಗುಣ. ಈಗ ಕಾರ್ಬನ್ ನಾರಿನ ಕೋಲುಗಳು ಬಂದಿವೆ. ಇದನ್ನು ನಮಗೆ ಹೇಳಿದವನು ಶಿಡ್ಲಘಟ್ಟದ ಅದೇ ಗೆಳೆಯ. ನಮ್ಮ ಸೀಮೆಯ ತುಂಬ ಹಿಪ್ಪುನೇರಳೆ ಇದೆ. ಆದರೆ ನಾವು ಅದನ್ನು ಬೆಳೆಯುವುದು ಹೆಚ್ಚಾಗಿ ಹುಳುವಿನ ಸೊಪ್ಪಿಗಾಗಿ. ಸೊಂಟದೆತ್ತರ ಬಂದರೆ ಕೊಯ್ಯುತ್ತೇವೆ, ಮತ್ತೆ ಚಿಗುರಿದರೆ ಮತ್ತೆ ಕೊಯ್ಯುತ್ತೇವೆ. ಅದು ಮರವಾಗುವುದನ್ನು ಕಾಯುವ ಪುರುಸೊತ್ತು ನಮಗಿಲ್ಲ, ಇರಲೂ ಆಗದು, ಹೊಟ್ಟೆಯ ಪ್ರಶ್ನೆ. ಲೀಗನ್ನು ಕಟ್ಟಿದವರಿಗೆ ಹೊಟ್ಟೆಯ ಪ್ರಶ್ನೆ ಇರಲಿಲ್ಲ. ಅವರೂ ಸೊಪ್ಪನ್ನಷ್ಟೇ ಕೊಯ್ದುಕೊಂಡರು.

ಗೆಳೆಯನಿಗೆ ಯಾವ ತಂಡದಿಂದಲೂ ಕರೆ ಬರಲಿಲ್ಲ. ಸ್ಪೋರ್ಟ್ಸ್ ಕೋಟಾದ ನೌಕರಿಗೆ ಕಾದ. ವಯಸ್ಸು ಮೀರಿತು. ಅವನ ಅಪ್ಪ ತೀರಿಹೋದ ಮೇಲೆ ರೀಲಿಂಗ್ ಯಂತ್ರಗಳನ್ನು ಮಾರಿ ಗೂಡ್ಸ್ ಆಟೋ ಕೊಂಡ. ರೈತರ ಮನೆಗಳಿಂದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಗೂಡು ಸಾಗಿಸುವುದು ಅವನ ಕೆಲಸ. ನಮ್ಮನ್ನು ಕಂಡರೆ ಆಟೋ ನಿಲ್ಲಿಸುತ್ತಾನೆ. ಹಿಂದಿನ ಸೀಟಿನ ಸಂದಿಯಲ್ಲಿ ಅವನ ಹಳೆಯ ಕೋಲು ಈಗಲೂ ಇದೆ. ‘ರಾತ್ರಿ ಹೊತ್ತು ನಾಯಿ ಓಡಿಸೋಕೆ’ ಎನ್ನುತ್ತಾನೆ. ಅವನ ಬಾಯಿಂದ ದೂರು ಬಂದದ್ದನ್ನು ನಾವು ಕೇಳಿಲ್ಲ.

ಕಳೆದ ಚಳಿಗಾಲದ ಒಂದು ಭಾನುವಾರ ನಮ್ಮೂರಿನ ಶಾಲೆಯ ಬಯಲಿನಲ್ಲಿ ಹತ್ತು ಹನ್ನೆರಡು ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಅವನು ಆಟೋ ನಿಲ್ಲಿಸಿ ಇಳಿದ, ಕೋಲು ತೆಗೆದ, ಅವರ ಟೆನಿಸ್ ಚೆಂಡನ್ನು ಕೇಳಿ ಪಡೆದ. ಚೆಂಡನ್ನು ಕೋಲಿನ ಕೊಕ್ಕೆಗೆ ಹಿಡಿದು, ಎಡಗಾಲನ್ನು ಮುಂದಿಟ್ಟು, ಎಳೆದು ಬೀಸಿ ಎಸೆದ. ಚೆಂಡು ಹುಡುಗರು ಇಟ್ಟಿದ್ದ ಇಟ್ಟಿಗೆಗಳ ನಡುವೆ ಹೋಯಿತು. ಒಬ್ಬ ಸಣ್ಣವನು ಓಡಿಬಂದು, “ಅಂಕಲ್, ಇನ್ನೊಂದ್ಸಲ ಮಾಡಿ” ಎಂದ.

ಅವನು ಮತ್ತೆ ಮಾಡಿ ತೋರಿಸಿದ. ಆಮೇಲೆ ಕೋಲನ್ನು ಆ ಹುಡುಗನ ಕೈಗೆ ಕೊಟ್ಟು, ಹಿಡಿಯುವುದು ಹೇಗೆಂದು ಬೆರಳು ಸರಿಪಡಿಸತೊಡಗಿದ. ಅವನ ಆಟೋದಲ್ಲಿ ಗೂಡು ಕಾಯುತ್ತಿತ್ತು. ಹೆದ್ದಾರಿಯಲ್ಲಿ ಹೈದರಾಬಾದಿನ ಬಸ್ಸೊಂದು ಹಾರನ್ನು ಹೊಡೆದುಕೊಂಡು ಹೋಯಿತು.